ಮೋಸಗಾರನ ಸಿನಿಮಾ ಯಾಕಿಷ್ಟು ಇಷ್ಟ?

ನಮ್ಮ ಸಾಸಲು ಕಡೆ ಒಬ್ಬನನ್ನು 'ಫೋರ್ ಟ್ವೆಂಟಿ' ಅಂದರೆ ಅದು ಬೈಗುಳವೂ ಹೌದು, ಅರ್ಧ ಮೆಚ್ಚುಗೆಯೂ ಹೌದು. 'ಅವನಾ? ಪಕ್ಕಾ ಫೋರ್ ಟ್ವೆಂಟಿ' ಅನ್ನುವಾಗ ಹೇಳೋರ ಮುಖದಲ್ಲಿ ಸಣ್ಣದೊಂದು ನಗು ಇರುತ್ತೆ, ಗಮನಿಸಿ. (ಅಂದಹಾಗೆ ಐಪಿಸಿಯ 420 ಈಗ ಇಲ್ಲ. 2024ರ ಜುಲೈ 1ರಿಂದ ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ಗೆ ಹೋಗಿದೆ. ಆದರೆ ಯಾರನ್ನಾದರೂ 'ತ್ರೀ ಎಯ್ಟೀನ್' ಅಂತ ಬೈದು ನೋಡಿ, ಮಜಾ ಬರಲ್ಲ.) ಮೋಸಗಾರರ ಸಿನಿಮಾಗಳು ಓಡೋದು ಆ ಸಣ್ಣ ನಗುವಿನ ಮೇಲೇ.

ನನಗೆ ತುಂಬಾ ಹಿಡಿಸಿದ್ದು ತಮಿಳಿನ 'ಸದುರಂಗ ವೇಟ್ಟೈ'. 2014ರಲ್ಲಿ ಬಂತು, ಎಚ್. ವಿನೋತ್ ಅವರ ಮೊದಲ ಸಿನಿಮಾ. ಹೀರೊ ನಟರಾಜ್ ಅಸಲಿಗೆ ಕ್ಯಾಮೆರಾಮನ್. ಇದೇ ಕಥೆ 2018ರಲ್ಲಿ ತೆಲುಗಿಗೆ 'ಬ್ಲಫ್ ಮಾಸ್ಟರ್' ಆಗಿ ಹೋಯ್ತು. ಸತ್ಯದೇವ್ ಹೀರೊ, ನಾಯಕಿ ನಮ್ಮ ಬೆಂಗಳೂರಿನ ಹುಡುಗಿ ನಂದಿತಾ ಶ್ವೇತಾ. ಆಂಧ್ರದ ಗಡಿ ದೂರವಿಲ್ಲದ ನಮ್ಮ ಕಡೆ ತೆಲುಗು ಬಾರದವರು ಕಡಿಮೆ, ಹಾಗಾಗಿ ಮನೆಮಂದಿಯೆಲ್ಲ ಕೂತು ನೋಡಿದ್ದು ತೆಲುಗಿನದನ್ನೇ.

ತಮಿಳಿನಲ್ಲಿ ಹೀರೊ ಹೆಸರು ಗಾಂಧಿ ಬಾಬು. ಹತ್ತು ಜನರನ್ನು ಎತ್ತಿ ಬಿಸಾಕಲ್ಲ. ನೀಟಾಗಿ ಬಟ್ಟೆ ಹಾಕ್ತಾನೆ, ಮಾತಾಡ್ತಾನೆ, ಅಷ್ಟೇ. ಒಂದೊಂದು ಮೋಸವೂ ಒಂದೊಂದು ಅಧ್ಯಾಯ. ಶುರುವಾಗೋದೇ ಎರಡು ತಲೆ ಹಾವಿನಿಂದ.

ಅಲ್ಲೇ ನಾವು ಸಿಕ್ಕಿಬಿದ್ದೆವು. ಆ ಹಾವು ನಮ್ಮ ಹೊಲದ್ದು! ಮಣ್ಣುಮುಕ್ಕ. ವಿಷವಿಲ್ಲ, ಇಲಿ ತಿಂದುಕೊಂಡು ಮಣ್ಣಲ್ಲಿ ಹುದುಗಿರುತ್ತೆ. ಬಾಲ ಮೊಂಡಾಗಿ ತಲೆಯ ಹಾಗೇ ಕಾಣುತ್ತೆ, ಅದಕ್ಕೇ ಎರಡು ತಲೆ ಅನ್ನೋದು. ಅದನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತೆ, ಫಾರಿನ್‌ನವರು ಕೋಟಿ ಕೊಡ್ತಾರೆ ಅನ್ನೋ ಕಥೆ ನೀವೂ ಕೇಳಿರ್ತೀರಿ. ಹಿಡಿದರೆ, ಮಾರಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗರಕಲ್ಲಿಗೆ ಕೈಮುಗಿಯುವ ತಾಲ್ಲೂಕು ನಮ್ಮದು. ಹಾವು ಅಂದ ಕೂಡಲೇ ಭಯ, ಭಕ್ತಿ ಎರಡೂ ಇಲ್ಲಿ ರೆಡಿ ಇರುತ್ತೆ. ಮೋಸಗಾರ ಹೊಸದಾಗಿ ಏನನ್ನೂ ಹುಟ್ಟಿಸಬೇಕಾಗಿಲ್ಲ, ಅದಕ್ಕೆ ಒಂದು ರೇಟು ಹೇಳಿದರೆ ಸಾಕು.

ರೈಸ್ ಪುಲ್ಲಿಂಗ್ ಕೂಡ ಹಾಗೇ. ಸಿಡಿಲು ಬಡಿದ ತಾಮ್ರದ ಚೊಂಬು ಅಕ್ಕಿಯನ್ನು ಎಳೆಯುತ್ತೆ ಅಂತಾರೆ. ಚೊಂಬಿನೊಳಗೆ ಅಯಸ್ಕಾಂತ, ಅಕ್ಕಿಗೆ ಕಬ್ಬಿಣದ ಪುಡಿ. ಬೆಂಗಳೂರು ಪೊಲೀಸರು ಇಂಥ ತಂಡ ಹಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತೆ, ಆದರೂ ನಂಬುವವರು ಸಿಗ್ತಾನೇ ಇರ್ತಾರೆ.

ಸಿನಿಮಾದಲ್ಲಿ ಇದೆಲ್ಲ ಯಾಕೆ ಖುಷಿ ಕೊಡುತ್ತೆ ಅಂದರೆ, ನಾವು ಪರದೆಯ ಹಿಂದೆ ನಿಂತು ನೋಡ್ತೀವಿ. ಗುಟ್ಟು ನಮಗೆ ಗೊತ್ತು, ಎದುರಿನ ದುರಾಸೆಯ ಶ್ರೀಮಂತನಿಗೆ ಗೊತ್ತಿಲ್ಲ. ಎರಡು ಗಂಟೆ ನಾವೂ ಜಾಣರು. ಆಫೀಸುಗಳಲ್ಲಿ ನಾಳೆ ಬಾ ಅನ್ನಿಸಿಕೊಂಡು ಬರೋ ನಮ್ಮಂಥವರಿಗೆ ಅದೇನು ಕಡಿಮೆ ಸುಖವೇ?

ಕನ್ನಡದ 'ಮಾಯಾಬಜಾರ್ 2016' ಕೂಡ ಇದನ್ನೇ ಮಾಡುತ್ತೆ. ರಾಧಾಕೃಷ್ಣ ರೆಡ್ಡಿ ನಿರ್ದೇಶನ, ಪುನೀತ್ ಅವರ ಪಿಆರ್‌ಕೆ ನಿರ್ಮಾಣ, ರಾಜ್ ಬಿ. ಶೆಟ್ಟಿ, ವಸಿಷ್ಠ ಸಿಂಹ, ಅಚ್ಯುತ್ ಕುಮಾರ್ ಇದ್ದಾರೆ. 2020ರ ಫೆಬ್ರವರಿಯಲ್ಲಿ ಬಂತು, ಕೊರೊನಾ ಹಿಂದೆಯೇ ಬಂದು ಥಿಯೇಟರ್‌ಗಳೆಲ್ಲ ಮುಚ್ಚಿದವು, ಪಾಪ. ಕಥೆ ನೋಟು ರದ್ದತಿಯ ಸುತ್ತ. ಕಪ್ಪುಹಣ ಇಟ್ಟವನಿಗೆ ಟೋಪಿ ಬಿದ್ದರೆ ನಮಗೇನು ಸಂಕಟ? ನಗಬಹುದು. ಆದರೆ 2016ರ ನವೆಂಬರ್ 8ರ ನಂತರ ನಮ್ಮ ಕಡೆ ಬ್ಯಾಂಕಿನ ಮುಂದೆ ಸಾಲು ನಿಂತವರ ಕೈಯಲ್ಲಿದ್ದದ್ದು ಹಾಲಿನ ದುಡ್ಡು, ರಾಗಿ ಮಾರಿದ ದುಡ್ಡು. ಆ ಸಾಲಿನ ಮೇಲೆ ಸ್ಟೈಲಾದ ಸಿನಿಮಾ ಮಾಡೋದು ಕಷ್ಟ.

'ಬ್ಲಫ್ ಮಾಸ್ಟರ್' ನೋಡುವಾಗ ನಮ್ಮ ಚಿಕ್ಕಮ್ಮನೂ ಇದ್ದಳು. ಹಾವಿನ ಸೀನಿಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಚೈನ್ ಸ್ಕೀಮ್ ಭಾಗ ಬಂತು. ಹೀರೊ ಸ್ಟೇಜ್ ಮೇಲೆ, ಕೆಳಗೆ ಜನ ಚಪ್ಪಾಳೆ ಹೊಡೀತಾ ಇದ್ದಾರೆ. ಚಿಕ್ಕಮ್ಮ ಎದ್ದು ಹಸುವಿಗೆ ನೀರು ಇಡೋಕೆ ಹೋದಳು.

ಅವಳ ಚೀಟಿ ದುಡ್ಡು ಮುಳುಗಿ ಆಗ ಹೆಚ್ಚು ದಿನ ಆಗಿರಲಿಲ್ಲ. ಡೈರಿಗೆ ಹಾಲು ಹಾಕಿ ಉಳಿಸಿದ್ದು, ಮಗಳ ಮದುವೆಗೆ ಅಂತ. ಚೀಟಿ ನಡೆಸುತ್ತಿದ್ದವನು ಕೋಟು ಹಾಕಿರಲಿಲ್ಲ, ಇಂಗ್ಲಿಷ್ ಮಾತಾಡಿರಲಿಲ್ಲ. ಮದುವೆಗಳಿಗೆ ಬಂದು ಮುಯ್ಯಿ ಹಾಕ್ತಿದ್ದ, ಸಾವಾದರೆ ಹೆಗಲು ಕೊಡ್ತಿದ್ದ. ಚಿಕ್ಕಮ್ಮ ದುರಾಸೆಗೆ ಬಿದ್ದವಳಲ್ಲ, ಬ್ಯಾಂಕಿಗಿಂತ ಪರಿಚಯದವನು ಮೇಲು ಅಂದುಕೊಂಡವಳು. ಸಿನಿಮಾ ಹೇಳುವ 'ಆಸೆಪಟ್ಟವನೇ ಮೋಸ ಹೋಗೋದು' ಅನ್ನೋ ಲೆಕ್ಕ ಅವಳಿಗೆ ಕೂರಲ್ಲ. ಆ ಲೆಕ್ಕ ಬಿಟ್ಟರೆ ಇಂಥ ಸಿನಿಮಾ ನಿಲ್ಲೋದೂ ಇಲ್ಲ. ಮುಂದೆ ಹೀರೊಗೂ ಒದೆ ಬೀಳುತ್ತೆ, ಪಶ್ಚಾತ್ತಾಪ ಆಗುತ್ತೆ, ನಿಜ. ಆ ಭಾಗ ನನಗೆ ಸ್ವಲ್ಪ ಸಪ್ಪೆ.

ನೀರು ಇಟ್ಟು ಬಂದವಳು 'ಅವನು ಸಿಕ್ಕಿಬಿದ್ನಾ?' ಅಂದಳು. ಇನ್ನೂ ಇಲ್ಲ ಅಂದೆ. ಮತ್ತೆ ಕೂತಳು, ಕೊನೆಯವರೆಗೂ ನೋಡಿದಳು.

ಚೀಟಿ ಪುಸ್ತಕ ಇನ್ನೂ ಅವಳ ಟ್ರಂಕಿನಲ್ಲಿದೆ. ಮೊನ್ನೆ ತೆಗೆದು ತೋರಿಸಿದಳು. ತಿಂಗಳು ತಿಂಗಳೂ ಅವನ ಸಹಿ, ತಾರೀಖು. 'ಅಕ್ಷರ ನೋಡು, ಎಷ್ಟು ಮುದ್ದಾಗಿದೆ' ಅಂದಳು.