ಅಪ್ಪನ ಬಿಳಿ ಬ್ರೆಡ್ಡು, ನನ್ನ ಕಂದು ಬ್ರೆಡ್ಡು

ನಮ್ಮನೇಲಿ ಬ್ರೆಡ್ ಅಂದ್ರೆ ಜ್ವರದ ತಿಂಡಿ. ತುಮಕೂರಿನಲ್ಲಿ ನಾನು ಚಿಕ್ಕವಳಿದ್ದಾಗ ಮೈ ಬಿಸಿಯಾದ ದಿನ ಅಪ್ಪ ಸ್ಕೂಲ್ ಮುಗಿಸಿ ಬರುವಾಗ ಅಯ್ಯಂಗಾರ್ ಬೇಕರಿಯಿಂದ ಅರ್ಧ ಪೌಂಡು ಬ್ರೆಡ್ ತರುತ್ತಿದ್ದರು. ಬಿಸಿ ಹಾಲಲ್ಲಿ ಅದ್ದಿ, ಚೂರು ಸಕ್ಕರೆ ಉದುರಿಸಿ ಅವರೇ ತಿನ್ನಿಸೋರು. ಉಳಿದದ್ದನ್ನ ಕಾಫಿಗೆ ಅದ್ದಿಕೊಂಡು ತಾವೇ ಮುಗಿಸೋರು. "ಜ್ವರ ಮಗಳಿಗೆ, ಹಬ್ಬ ಅಪ್ಪಂಗೆ" ಅಂತ ಅಮ್ಮ ರೇಗಿಸೋಳು.

ರಿಟೈರ್ ಆದಮೇಲೆ ಅದು ಅವರ ದಿನಚರಿಯೇ ಆಯ್ತು. ಬೆಳಿಗ್ಗೆ ವಾಕಿಂಗ್, ಬರುವಾಗ ಬೇಕರಿ, ತವಾ ಮೇಲೆ ತುಪ್ಪ ಹಾಕಿ ಸುಟ್ಟ ಎರಡು ಸ್ಲೈಸ್, ಒಂದು ಲೋಟ ಕಾಫಿ.

ಎರಡು ವರ್ಷದ ಹಿಂದೆ ಅಪ್ಪನಿಗೆ ಶುಗರ್ ಅಂತ ಗೊತ್ತಾಯ್ತು. ಎಚ್‌ಬಿಎ1ಸಿ 8.1. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೈದಾ ಕಮ್ಮಿ ಮಾಡಿ ಅಂದರು. ಮಿಕ್ಕಿದ್ದನ್ನೆಲ್ಲ ನಾನೇ ತೀರ್ಮಾನ ಮಾಡಿದೆ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಿಂದ ಪ್ರತಿ ಶುಕ್ರವಾರ ಬ್ರೌನ್ ಬ್ರೆಡ್ ಪ್ಯಾಕೆಟ್ ಹೊತ್ತುಕೊಂಡು ಊರಿಗೆ ಹೋಗೋದು ಶುರುವಾಯ್ತು. "ಹೇಗಿದೆ ಅಪ್ಪಾ?" ಅಂದ್ರೆ "ಒಳ್ಳೇದಲ್ವಾ, ಬಿಡು" ಅನ್ನೋರು. ನಾನು ಕೇಳಿದ್ದಕ್ಕೆ ಅದು ಉತ್ತರ ಅಲ್ಲ ಅಂತ ಆಗ ಹೊಳೆಯಲೇ ಇಲ್ಲ.

ನಿಜ ಹೇಳಬೇಕಂದ್ರೆ ನನಗೂ ಇಷ್ಟ ಬಿಳಿ ಬ್ರೆಡ್ಡೇ. ಆದ್ರೆ ಆಫೀಸ್ ಕ್ಯಾಂಟೀನಲ್ಲಿ ಯಾರಾದ್ರೂ ಪಕ್ಕದಲ್ಲಿದ್ರೆ ಕೈ ತಾನಾಗೇ ಮಲ್ಟಿಗ್ರೇನ್ ಸ್ಯಾಂಡ್‌ವಿಚ್ ಕಡೆ ಹೋಗುತ್ತೆ. ನಿಮಗೂ ಹೀಗಾಗುತ್ತಾ?

ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದ್ವಿ. 8.0. ನನಗೆ ಎಲ್ಲಿಲ್ಲದ ಸಿಟ್ಟು. "ಕದ್ದು ಬೇಕರಿಗೆ ಹೋಗ್ತಿದೀರಾ?" ಅಂತ ಕೇಳೇಬಿಟ್ಟೆ. ಅಪ್ಪ ಏನೂ ಮಾತಾಡದೆ ಪೇಪರ್ ಎತ್ತಿಕೊಂಡರು. ಅಡುಗೆಮನೆಯಲ್ಲಿ ಅಮ್ಮ ಮೆತ್ತಗೆ ಹೇಳಿದಳು, "ಅವರು ಬೇಕರಿ ಕಡೆ ತಲೆ ಹಾಕಿಲ್ಲ ಕಣೇ. ನೀನು ಒಳ್ಳೇದು ಅಂದಿದೀಯ ಅಂತ ದಿನಾ ನಾಲ್ಕು ಸ್ಲೈಸ್ ತಿಂತಾರೆ. ರುಚಿ ಇಲ್ಲ ಅಂತ ಜಾಮ್ ಹಚ್ಕೋತಾರೆ."

ಆ ರಾತ್ರಿ ಮೊದಲ ಸಲ ಪ್ಯಾಕೆಟ್ಟಿನ ಹಿಂಭಾಗ ಓದಿದೆ. ಆಫೀಸಲ್ಲಿ ಬೇರೆಯವರ ಕೋಡನ್ನು ಸಾಲುಸಾಲಾಗಿ ಓದಿ ತಪ್ಪು ಹುಡುಕೋದೇ ನನ್ನ ಕೆಲಸ. ಮನೆಗೆ ತಂದಿದ್ದನ್ನ ಮಾತ್ರ ಓದಿರಲಿಲ್ಲ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೀಬೇಕು ಅನ್ನೋದು ನಿಯಮ. ಮೊದಲ ಹೆಸರೇ ಮೈದಾ. ಗೋಧಿಹಿಟ್ಟು ಅದರ ನಂತರ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕ್ಯಾರಮೆಲ್ ಬಣ್ಣ, 150ಎ. ಮೂರು ತಿಂಗಳು ನಾನು ಹೊತ್ತು ತಂದಿದ್ದು ಮುಖ್ಯವಾಗಿ ಬಣ್ಣ ಹಚ್ಚಿದ ಮೈದಾ.

ಛಲ ಬಿಡದೆ ನೂರಕ್ಕೆ ನೂರು ಗೋಧಿಯ ಬ್ರೆಡ್ ಹುಡುಕಿ ತಂದೆ. ಅದು ಗಟ್ಟಿ, ಪುಡಿಪುಡಿ. ಹಿಟ್ಟು ಉಬ್ಬೋಕೆ ಗ್ಲುಟೆನ್ ಎಳೆಗಳು ಗಾಳಿಯನ್ನು ಹಿಡಿದಿಟ್ಟುಕೋಬೇಕು. ತೌಡಿನ ಚೂರುಗಳು ಆ ಎಳೆಗಳನ್ನು ಕತ್ತರಿಸುತ್ತವೆ. ಅದಕ್ಕೇ ಬಿಳಿ ಬ್ರೆಡ್ಡಿನ ಹತ್ತಿಯಂಥ ಮೃದು ಇದಕ್ಕೆ ಬರಲ್ಲ.

ಆಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದ್ವಿ. ಒಂದು ದಿನ ಎರಡು ಸ್ಲೈಸ್ ಬಿಳಿ, ಇನ್ನೊಂದು ದಿನ ಎರಡು ಸ್ಲೈಸ್ ಗೋಧಿ. ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್. ಬಿಳಿಗೆ 186, ಗೋಧಿಗೆ 181. ಮೀಟರ್ ಕೆಟ್ಟಿದೆ ಅಂದುಕೊಂಡೆ. ಹುಡುಕಿ ನೋಡಿದ್ರೆ, 2008ರ ಅಂತರರಾಷ್ಟ್ರೀಯ ಗ್ಲೈಸೆಮಿಕ್ ಇಂಡೆಕ್ಸ್ ಪಟ್ಟಿಯಲ್ಲೂ ಬಿಳಿ ಬ್ರೆಡ್ಡಿನ ಸರಾಸರಿ 75, ಗೋಧಿ ಬ್ರೆಡ್ಡಿನದು 74! ಗೋಧಿಯಲ್ಲಿ ನಾರು, ವಿಟಮಿನ್ ಜಾಸ್ತಿ ಅನ್ನೋದು ಖಂಡಿತ ನಿಜ. ಆದ್ರೆ ನುಣ್ಣಗೆ ಬೀಸಿದ ಹಿಟ್ಟು ಯಾವುದಾದ್ರೂ ಬೇಗ ಜೀರ್ಣವಾಗಿ ಸಕ್ಕರೆ ಆಗುತ್ತೆ. "ಬಣ್ಣ ನೋಡಬೇಡಿ. ಎಷ್ಟು ಸ್ಲೈಸ್, ಜೊತೆಗೇನು, ಅದನ್ನ ನೋಡಿ" ಅಂದರು ಡಾಕ್ಟರು.

ಅಪ್ಪನ ಹತ್ರ ಕ್ಷಮೆ ಕೇಳೋದು ನಮ್ಮನೇಲಿ ರೂಢಿ ಇಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ. ಅವರೇ ನಕ್ಕು ಹೇಳಿದರು, "ನಿಂಗೆ ಜ್ವರ ಬಂದಾಗ ಕಹಿ ಮಾತ್ರೇನ ಬ್ರೆಡ್ ಒಳಗಿಟ್ಟು ಕೊಡ್ತಿದ್ದೆ ಪುಟ್ಟಾ. ನೀನು ಬ್ರೆಡ್ಡನ್ನೇ ಮಾತ್ರೆ ಮಾಡ್ಬಿಟ್ಟೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಅಷ್ಟು ದೂರದಿಂದ ಹೊತ್ಕೊಂಡು ಬರ್ತಿದ್ಯಲ್ಲ."

ಈಗ ವಾರದ ಆರು ದಿನ ರಾಗಿರೊಟ್ಟಿಯೋ ಹೆಸರುಕಾಳು ದೋಸೆಯೋ, ಅದೂ ಅಳತೆಯಲ್ಲಿ. ಭಾನುವಾರ ಬೇಕರಿಯ ಬಿಳಿ ಬ್ರೆಡ್, ಎರಡೇ ಸ್ಲೈಸ್. ಜಾಮ್ ಬದಲು ತರಕಾರಿ ಪಲ್ಯ, ಕಡಲೆಬೀಜದ ಚಟ್ನಿ. ಕಾಫಿಗೆ ಸಕ್ಕರೆ ಇಲ್ಲ. ಇದು ನಮ್ಮಪ್ಪನಿಗೆ ಅವರ ಡಾಕ್ಟರು ಒಪ್ಪಿದ ಲೆಕ್ಕ. ನಿಮ್ಮನೆಯವರದ್ದು ಬೇರೆ ಇರಬಹುದು, ಕೇಳಿಕೊಳ್ಳಿ. ಹೋದ ತಿಂಗಳ ರಿಪೋರ್ಟಲ್ಲಿ 7.2 ಬಂದಿದೆ.

ಶುಕ್ರವಾರ ಈಗ ಬರಿಗೈಲಿ ಊರಿಗೆ ಹೋಗ್ತೀನಿ. ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ವಾಕಿಂಗ್. ಅರ್ಧ ಪೌಂಡಲ್ಲಿ ಅವರದ್ದು ಎರಡು ಸ್ಲೈಸ್ ಹೋಗಿ ಉಳಿದದ್ದು ನನಗೂ ಅಮ್ಮನಿಗೂ. ಜ್ವರ ಇಲ್ಲದೇನೂ ಕಾಫಿಗೆ ಅದ್ದಿಕೊಂಡು ತಿನ್ನಬಹುದು ಅಂತ ನನಗೆ ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು.