ಮಡಿಕೇರಿಯಲ್ಲಿ ಒಂದು ಮಳೆಗಾಲ

ಮಡಿಕೇರಿ ಎಂದರೆ ನನಗೆ ಹೈಸ್ಕೂಲಿನಲ್ಲಿದ್ದಾಗ ಹೋಗಿದ್ದ ಒಂದು ದಿನದ ಪ್ರವಾಸವಷ್ಟೇ ನೆನಪು. ಕೋಟೆಯೊಳಗಿನ ಗಾರೆಯ ಆನೆಗಳು, ರಾಜಾಸೀಟಿನ ಮಂಜು, ತಿರುವಿನ ದಾರಿಯಲ್ಲಿ ಗೆಳತಿಯರ ವಾಂತಿ, ಇಷ್ಟೇ. ಅದೇ ಊರಿನಲ್ಲಿ ಎರಡು ತಿಂಗಳು ಒಲೆ ಹಚ್ಚಿ ಸಂಸಾರ ಮಾಡುತ್ತೀಯೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ 2024ರ ಜೂನ್ ತಿಂಗಳಲ್ಲಿ ಹಾಗೆಯೇ ಆಯಿತು ನೋಡಿ!

ಕಾರಣ ನನ್ನ ಮಗಳು. ಅವಳಿಗೆ ಬೆಂಗಳೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. 2020ರಲ್ಲಿ ಕೊರೊನಾ ಬಂದಾಗ ಎಲ್ಲರಂತೆ ಇವಳೂ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದು, ನಮ್ಮ ನಡುಮನೆಯಲ್ಲೇ ಕೂತು ಕೆಲಸ ಮಾಡಿದಳು. ರೋಗ ಹೋದರೂ ಅವಳ ತಂಡದವರಿಗೆ ಎಲ್ಲಿಂದ ಬೇಕಾದರೂ ಕೆಲಸ ಮಾಡುವ ಅನುಕೂಲ ಉಳಿಯಿತು. ಬೆಂಗಳೂರಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಗೆ ತಿಂಗಳಿಗೆ 18 ಸಾವಿರ ಕೊಡುತ್ತಿದ್ದವಳು ಒಂದು ದಿನ ಫೋನ್ ಮಾಡಿ, "ಅಮ್ಮಾ, ಮಡಿಕೇರೀಲಿ ಹೆಂಚಿನ ಮನೆ ಸಿಕ್ಕಿದೆ. ಹಿಂಭಾಗದಲ್ಲಿ ಎರಡು ಕೋಣೆ, ಹಿತ್ತಲೂ ಇದೆ. ಒಂಬತ್ತೇ ಸಾವಿರ! ಅರ್ಧಕ್ಕರ್ಧ ಉಳೀತು" ಎಂದಳು.

ಅವಳಿಗೆ ಸಂತೋಷ. ನಮ್ಮವರಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ. "ಹೆಣ್ಣುಹುಡುಗಿ ಒಬ್ಬಳೇ ಬೆಟ್ಟದ ಮೇಲೆ ಇರೋದು ಅಂದ್ರೇನು? 2018ರಲ್ಲಿ ಅಲ್ಲಿ ಗುಡ್ಡ ಜರಿದದ್ದು ಮರೆತುಹೋಯ್ತಾ? ಶ್ರಾವಣದಲ್ಲಿ ಗಂಡಿನ ಕಡೆಯವರು ನೋಡೋಕೆ ಬರ್ತಾರೆ. ನೀನು ಹೋಗಿ ಕರ್ಕೊಂಡು ಬಾ" ಎಂದರು. ಹೀಗೆ ಎರಡು ಬಾಟಲಿ ಉಪ್ಪಿನಕಾಯಿ, ಒಂದು ಡಬ್ಬ ಚಟ್ನಿಪುಡಿ ಹೊತ್ತು ಮಗಳನ್ನು ಕರೆತರಲು ಹೊರಟೆ.

ಏರುದಾರಿ

ನಮ್ಮದು ಮೈಸೂರು ಜಿಲ್ಲೆಯ ಕೃಷ್ಣರಾಜನಗರ. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿದರೆ ಮುಂದೆ ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ. ಬೈಲಕುಪ್ಪೆಯ ಬಳಿ ಟಿಬೆಟಿನವರು ಬಸ್ಸು ಹತ್ತಿದರು. ತಮ್ಮ ನಾಡು ಬಿಟ್ಟು ಬಂದ ಅವರು 1960ರ ದಶಕದ ಮೊದಲಿನಿಂದ ಅಲ್ಲಿ ನೆಲೆಸಿದ್ದಾರೆ. ಪಕ್ಕದಲ್ಲಿ ಕೂತ ಅಜ್ಜಿ ಕಂಡಕ್ಟರನ ಹತ್ತಿರ ಅಚ್ಚ ಕನ್ನಡದಲ್ಲಿ ಚಿಲ್ಲರೆಗೆ ಜಗಳವಾಡಿದಾಗ ನನಗೆ ನಗು ಬಂತು.

ಕುಶಾಲನಗರದ ಹತ್ತಿರ ಕಾವೇರಿ ದಾಟಿದೊಡನೆ ಗಾಳಿಯೇ ಬೇರೆ. ಸುಂಟಿಕೊಪ್ಪ ಕಳೆದ ಮೇಲೆ ದಾರಿಯ ಎರಡೂ ಬದಿ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಆಮೇಲೆ ಏರು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿದೆ. ಕೊಡಗು ಜಿಲ್ಲೆಗೆ ಇಂದಿಗೂ ರೈಲು ಇಲ್ಲ. ಯಾರೇ ಬರಲಿ, ಈ ತಿರುವುಗಳಲ್ಲೇ ಬರಬೇಕು.

ಅರಸರ ಊರು

ಮೊದಲ ವಾರ ನನಗೆ ಕೈಕಾಲು ಆಡಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮಗಳು ಕೋಣೆಯ ಬಾಗಿಲು ಹಾಕಿಕೊಂಡರೆ ಮುಗಿಯಿತು. "ಅಮ್ಮಾ, ಮೀಟಿಂಗಲ್ಲಿದೀನಿ, ಕುಕ್ಕರ್ ಕೂಗಿಸಬೇಡ" ಎನ್ನುವಳು. ಮನೆಯಿಂದಲೇ ಕೆಲಸ ಅಂತೆ! ಇಪ್ಪತ್ತೈದು ವರ್ಷದಿಂದ ನಾನೂ ಮನೆಯಲ್ಲೇ ಕೆಲಸ ಮಾಡುತ್ತಿದ್ದೇನೆ. ನನ್ನ ಅಡುಗೆಮನೆಗೆ ಒಂದು ದಿನವೂ ಬಾಗಿಲು ಹಾಕಿಕೊಂಡವಳಲ್ಲ. ಬೇರೆ ದಾರಿ ಕಾಣದೆ ಕೊಡೆ ಹಿಡಿದು ಊರು ಸುತ್ತತೊಡಗಿದೆ.

ಇದು ಹಾಲೇರಿ ಅರಸರ ರಾಜಧಾನಿ. 1681ರಲ್ಲಿ ಮುದ್ದುರಾಜ ಇಲ್ಲಿ ನೆಲೆ ನಿಂತದ್ದರಿಂದ ಮುದ್ದುರಾಜನ ಕೇರಿ ಮಡಿಕೇರಿ ಆಯಿತು ಎನ್ನುತ್ತಾರೆ. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ. ಒಳಗಿನ ಅರಮನೆ, ಹಳೆಯ ಚರ್ಚಿನಲ್ಲಿರುವ ವಸ್ತುಸಂಗ್ರಹಾಲಯ, ಆ ಎರಡು ಆನೆಗಳು, ಎಲ್ಲ ನಾನು ಹುಡುಗಿಯಾಗಿ ಕಂಡಂತೆಯೇ ಇದ್ದವು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಮಸೀದಿಯಂತೆ ಗುಮ್ಮಟ, ಮೂಲೆಗಳಲ್ಲಿ ಮಿನಾರು. ಎದುರಿಗೆ ಕೊಳ. ಕೊಳದ ನೀರಿನಲ್ಲಿ ಮಳೆಹನಿ ಬೀಳುವುದನ್ನು ನೋಡುತ್ತ ದಿನಾ ಸಂಜೆ ಅಲ್ಲಿ ಕೂರುವುದು ನನಗೆ ರೂಢಿಯಾಯಿತು.

ಮನೆಯೊಡತಿಯನ್ನು ನಾವಿಬ್ಬರೂ ದೊಡ್ಡಮ್ಮ ಎನ್ನುತ್ತಿದ್ದೆವು. ಅವರ ಮನೆಮಾತು ಅರೆಭಾಷೆ. ಪಕ್ಕದ ಮನೆಯಲ್ಲಿ ಕೊಡವ ತಕ್ಕು, ಎದುರುಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಎಲ್ಲರೂ ಸೇರಿದರೆ ಕನ್ನಡ. ದೊಡ್ಡಮ್ಮ ಒಂದು ಮಧ್ಯಾಹ್ನ ಇಬ್ಬರು ಗೌರಮ್ಮರ ಕಥೆ ಹೇಳಿದರು. ಮೊದಲನೆಯವಳು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಇಂಗ್ಲಿಷರು ರಾಜ್ಯ ಕಸಿದುಕೊಂಡು ಅರಸನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಎಳೆಯ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಅಲ್ಲಿ ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಅವಳನ್ನು ಕ್ರೈಸ್ತಳನ್ನಾಗಿ ಮಾಡಿಸಿದಳು. 1864ರಲ್ಲಿ ಅವಳು ಅಲ್ಲೇ ತೀರಿಹೋದಳು.

ಎರಡನೆಯವರು ಮಡಿಕೇರಿಯಲ್ಲೇ 1912ರಲ್ಲಿ ಹುಟ್ಟಿದ ಕಥೆಗಾರ್ತಿ ಕೊಡಗಿನ ಗೌರಮ್ಮ. ಮದುವೆಯಾಗಿ ಸುಂಟಿಕೊಪ್ಪದ ಹತ್ತಿರದ ಗುಂಡುಕುಟ್ಟಿ ತೋಟದಲ್ಲಿ ಸಂಸಾರ ಮಾಡುತ್ತ ಕಥೆ ಬರೆದರು. ಬೇಂದ್ರೆಯವರು ಅವರನ್ನು ತಂಗಿ ಎಂದೇ ಕರೆದರು. 1939ರಲ್ಲಿ, ಇಪ್ಪತ್ತೇಳು ವಯಸ್ಸಿಗೇ, ಈಜಲು ಹೋಗಿ ನೀರುಪಾಲಾದರು. ದೊಡ್ಡಮ್ಮನ ಬೀರುವಿನಲ್ಲಿ ಅವರ "ಕಂಬನಿ" ಇತ್ತು. "ನೋಡಮ್ಮಾ, ಇವರೂ ಮನೆಯಿಂದಲೇ ಕೆಲಸ ಮಾಡಿದವರು" ಎಂದು ಮಗಳು ನಕ್ಕಳು. ನಾನು ಆ ಪುಸ್ತಕವನ್ನು ಎರಡು ಸಲ ಓದಿದೆ.

ಕಾಫಿಪುಡಿಯ ಅಂಗಡಿ

ಜುಲೈ ಬಂತು, ಜೊತೆಗೆ ನಿಜವಾದ ಮಳೆ. ನಮ್ಮೂರಲ್ಲಿ ವರ್ಷವೆಲ್ಲಾ ಬೀಳುವ ಮಳೆಯ ಸುಮಾರು ನಾಲ್ಕರಷ್ಟು ಇಲ್ಲಿ ಬೀಳುತ್ತದೆ. ಹಗಲು ರಾತ್ರಿ ಹೆಂಚಿನ ಮೇಲೆ ಒಂದೇ ಸದ್ದು. ಉಪ್ಪು ನೀರಾಯಿತು, ಹಪ್ಪಳ ಮೆತ್ತಗಾಯಿತು, ಬೆಂಕಿಕಡ್ಡಿ ಗೀರಿದರೆ ಹತ್ತದು, ನನ್ನ ಚರ್ಮದ ಕೈಚೀಲಕ್ಕೆ ಬೂಷ್ಟು! ಒಗೆದ ಸೀರೆ ನಾಲ್ಕು ದಿನಕ್ಕೂ ಒಣಗದು. ಕರೆಂಟಂತೂ ಬಂದರೆ ಬಂತು, ಹೋದರೆ ಹೋಯಿತು.

ಒಂದು ದಿನ ಮಗಳಿಗೆ ಬಹಳ ಮುಖ್ಯವಾದ ಮೀಟಿಂಗ್. ಹಿಂದಿನ ರಾತ್ರಿಯೇ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ಇನ್‌ವರ್ಟರೂ ಖಾಲಿ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. "ಇವತ್ತು ಮಾತಾಡದೇ ಹೋದ್ರೆ ನನ್ನನ್ನ ಬೆಂಗಳೂರಿಗೇ ಬಾ ಅಂತಾರಮ್ಮ" ಎಂದು ಅವಳಿಗೆ ಅಳುವೇ ಬಂತು. ನಿಜ ಹೇಳಬೇಕೆಂದರೆ, ಒಳಗೊಳಗೇ ನನಗೆ, ಒಳ್ಳೆಯದೇ ಆಯಿತು ಎನ್ನಿಸಿತು. ಆದರೆ ಅವಳ ಮುಖ ನೋಡಿ ತಡೆಯಲಾಗಲಿಲ್ಲ. ಕಂಪ್ಯೂಟರನ್ನು ಅಕ್ಕಿಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೊಡೆ ಹಿಡಿದು ಇಬ್ಬರೂ ಪೇಟೆಗೆ ಓಡಿದೆವು.

ನಾವು ಕಾಫಿಪುಡಿ ಕೊಳ್ಳುವ ಅಂಗಡಿಯಲ್ಲಿ ಜನರೇಟರ್ ಇತ್ತು, ಇಂಟರ್‌ನೆಟ್ಟೂ ಇತ್ತು. ಯಜಮಾನರು ವಿಷಯ ಕೇಳಿದವರೇ ಒಳಗೆ ಕಾಫಿಬೀಜದ ಮೂಟೆಗಳ ನಡುವೆ ಸ್ಟೂಲು ಹಾಕಿಸಿದರು. ಮಿಷನ್ನಿನ ಸದ್ದಿಗೆ ಮಾತು ಕೇಳದು ಎಂದು ಅದನ್ನೂ ನಿಲ್ಲಿಸಿಬಿಟ್ಟರು! ಪುಡಿಗೆ ಬಂದವರಿಗೆ, "ಅರ್ಧ ಗಂಟೆ ಬಿಟ್ಟು ಬನ್ನಿ, ಒಳಗೆ ಆಫೀಸು ಉಂಟು" ಎಂದರು. ಅರ್ಧ ಗಂಟೆ ಒಂದು ಗಂಟೆಯಾಯಿತು.

ನಾನು ಹೊರಗೆ ತಕ್ಕಡಿಯ ಹತ್ತಿರ ನಿಂತಿದ್ದೆ. ಪುಡಿ ತೂಗಿ ಪೊಟ್ಟಣ ಕಟ್ಟುವ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ನಮ್ಮ ಮನೆ ಎಲ್ಲಿ ಎಂದು ಕೇಳಿದಳು. ಹೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಅಕ್ಕಾ, ಹಿತ್ತಲ ಕರಿಬೇವಿನ ಗಿಡ ಹೇಗೆ ಉಂಟು?" ಎಂದಳು.

"ಚೆನ್ನಾಗಿದೆ. ನಿಮಗೆ ಹೇಗೆ ಗೊತ್ತು?"

"ನಾನೇ ನೆಟ್ಟದ್ದು. ಆರು ವರ್ಷ ಆ ಮನೆಯಲ್ಲಿ ನಾವೇ ಇದ್ದದ್ದು."

ಅವರು ಕೊಡುತ್ತಿದ್ದ ಬಾಡಿಗೆ ಐದು ಸಾವಿರ. ಈಗ ಊರಿನ ಹೊರಗೆ ಮನೆ ಮಾಡಿದ್ದಾರೆ. ಮಕ್ಕಳಿಬ್ಬರೂ ಶಾಲೆಗೆ ಬಸ್ಸಿನಲ್ಲಿ ಬರಬೇಕು. ಮಳೆಗಾಲದಲ್ಲಿ ಮನೆ ಸೇರುವಾಗ ಕತ್ತಲು. ಇದನ್ನೆಲ್ಲ ಅವಳು ಬೇಸರವಿಲ್ಲದೆ, ಪೊಟ್ಟಣ ಕಟ್ಟುತ್ತಲೇ ಹೇಳಿದಳು. ನನಗೆ ಮಾತ್ರ ಅಂದು ರಾತ್ರಿ ಒಗ್ಗರಣೆಗೆ ಕರಿಬೇವು ಕೀಳಲು ಕೈ ಬರಲಿಲ್ಲ.

ನಾವು "ಒಂಬತ್ತೇ ಸಾವಿರ" ಎಂದು ಹಿಗ್ಗಿದ ಮನೆಯದು! ತಡೆಯಲಾರದೆ ಮರುದಿನ ದೊಡ್ಡಮ್ಮನನ್ನು ಕೇಳಿಯೇಬಿಟ್ಟೆ. ಅವರು ಮುಚ್ಚಿಡಲಿಲ್ಲ. "2018ರಲ್ಲಿ ನಮ್ಮ ತೋಟದ ಅರ್ಧ ಜರಿದು ಹೊಳೆಗೆ ಹೋಯಿತು. ಆಮೇಲೆ ಈ ಮನೆಯ ಬಾಡಿಗೆಯೇ ನನಗೆ ಅನ್ನ. ಹೋಂಸ್ಟೇ ಮಾಡಿದರೆ ಇನ್ನೂ ಹೆಚ್ಚು ಸಿಗ್ತದೆ ಅಂದರು. ದಿನಕ್ಕೊಬ್ಬ ಹೊಸಬ ಬರುವುದು ನನಗೆ ಬೇಡ ಅನ್ನಿಸಿ ನಿನ್ನ ಮಗಳಿಗೆ ಕೊಟ್ಟೆ. ಅವಳು ಬಂದಾಗೆಲ್ಲ ನನಗೂ ಹೊಟ್ಟೆ ಉರಿಯುತ್ತದೆ, ಎಂತ ಮಾಡುವುದು?" ಎಂದರು. ತಪ್ಪು ಯಾರದು ಎನ್ನಲಿ? ದೊಡ್ಡಮ್ಮನದೆನ್ನಲೇ, ನನ್ನ ಮಗಳದೆನ್ನಲೇ?

ಮಗಳು ಸಪ್ಪಗಾದಳು. "ಮನೆ ಬಿಟ್ಟುಬಿಡಲಾ ಅಮ್ಮ?" ಎಂದಳು. ಅದನ್ನೇ ಹೋಗಿ ಅಂಗಡಿಯವಳಿಗೆ ಹೇಳಿದ್ದಕ್ಕೆ ಅವಳು ನಕ್ಕಳು. "ನೀವು ಬಿಟ್ಟರೆ ಇನ್ನೊಬ್ಬರು ಬರ್ತಾರೆ, ಒಂಬತ್ತು ಸಾವಿರ ನಮಗೆ ಎಲ್ಲಿಂದ? ಇರಿ. ಗಿಡ ನೋಡಿಕೊಳ್ಳಿ."

ಅಂದಿನಿಂದ ವಾರಕ್ಕೊಮ್ಮೆ, ಶುಕ್ರವಾರದ ಸಂತೆಗೆ ಹೋಗುವಾಗ, ಒಂದು ಕಟ್ಟು ಕರಿಬೇವು ಅವಳಿಗೆ ಮುಟ್ಟಿಸುತ್ತಿದ್ದೆ. ಮಳೆ ಜೋರಾದ ಸಂಜೆ ಅವಳ ಮಕ್ಕಳು, ತಾಯಿಯ ಕೆಲಸ ಮುಗಿಯುವ ತನಕ ನಮ್ಮ ಮನೆಯಲ್ಲೇ ಕೂತು ಓದುವುದೆಂದಾಯಿತು. ಮಗಳು ಬಿಡುವಾದಾಗ ಅವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಇದರಿಂದ ಅವರ ಬಾಡಿಗೆಯೇನೂ ಕಡಿಮೆಯಾಗಲಿಲ್ಲ ಎಂಬುದು ನನಗೂ ಗೊತ್ತು.

ಕಕ್ಕಡದ ಪಾಯಸ

ಆಗಸ್ಟ್ 3, ಕೊಡಗಿನಲ್ಲಿ ಕಕ್ಕಡ ಹದಿನೆಂಟು. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಗುಣ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿದರೆ ಪಾಯಸ. ಮರುದಿನ ಬಚ್ಚಲಿನಲ್ಲಿ ಕೆಂಪು ಕಂಡರೆ ಗಾಬರಿಯಾಗಬೇಡಿ, ಅದು ಸೊಪ್ಪಿನ ಬಣ್ಣ. ನಾನು ಗಾಬರಿಯಾಗಿ ದೊಡ್ಡಮ್ಮನ ಬಾಗಿಲು ತಟ್ಟಿದ್ದೆ!

ಅವರು ಕಲಿಸಿದ ಕಡಂಬುಟ್ಟು ಇನ್ನೂ ಸುಲಭ. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು. ನೀರು ಕುದಿಯುವಾಗ ಉಪ್ಪು, ಒಂದು ಚಮಚ ತುಪ್ಪ ಹಾಕಿ, ತರಿ ಸುರಿದು ಗಂಟಾಗದಂತೆ ತಿರುವಿ. ನೀರಿಂಗಿದ ಮೇಲೆ ಮುಚ್ಚಿಡಿ. ಬಿಸಿ ಆರುವ ಮೊದಲೇ ಕೈ ಒದ್ದೆ ಮಾಡಿಕೊಂಡು ನಿಂಬೆಗಾತ್ರದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿ. ಅಲ್ಲಿಯವರು ಹಂದಿ ಸಾರಿನ ಜೊತೆ ತಿನ್ನುತ್ತಾರೆ. ನಾವು ಕಣಿಲೆ ಪಲ್ಯ, ಅಣಬೆ ಸಾರಿನ ಜೊತೆ ತಿಂದೆವು.

ಹಿಂದಿರುಗಿದ್ದು

ಶ್ರಾವಣ ಬಂದರೂ ನಾವು ಬರಲಿಲ್ಲವೆಂದು ನಮ್ಮವರೇ ಬಂದರು. ಕೋಪದಲ್ಲೇ ಬಸ್ಸಿಳಿದವರು, ಮಗಳು ಕೆಲಸ ಮಾಡುವುದನ್ನು ಬಾಗಿಲ ಸಂದಿನಿಂದ ಒಂದು ದಿನ ಪೂರ್ತಿ ನೋಡಿದರು. ಸಂಜೆ ಅಂಗಡಿಯವಳ ಮಕ್ಕಳು ಚೀಲ ಕೆಳಗಿಟ್ಟು, "ಅಕ್ಕನ ಮೀಟಿಂಗ್ ಮುಗೀತಾ?" ಎಂದು ಪಿಸುಗುಟ್ಟಿದಾಗ ಅವರಿಗೂ ನಗು ತಡೆಯಲಿಲ್ಲ. ಗಂಡಿನ ಕಡೆಯವರಿಗೆ ದೀಪಾವಳಿ ಕಳೆದ ಮೇಲೆ ನೋಡೋಣ ಎಂದು ಫೋನಿನಲ್ಲಿ ಹೇಳಿದರು. ಮಗಳನ್ನು ಕರೆತರಲು ಹೋದ ನಾನು ಯಜಮಾನರ ಜೊತೆ ಒಂದು ಕೆ.ಜಿ. ಕಾಫಿಪುಡಿ ಹಿಡಿದುಕೊಂಡು ಹಿಂದಿರುಗಿದೆ.

ನಿಮ್ಮ ಮಕ್ಕಳೂ ಹೀಗೆ ಹೊರಟರೆ ನಾಲ್ಕು ಮಾತು. ಮನೆ ಗೊತ್ತು ಮಾಡುವ ಮೊದಲು ಒಂದು ಸಲ ಮಳೆಯಲ್ಲೇ ಹೋಗಿ ನೋಡಿ. ಬಿಸಿಲಿನಲ್ಲಿ ಎಲ್ಲ ಮನೆಯೂ ಚೆಂದ. ಹಿಂದೆ ಮಣ್ಣಿನ ಬರೆ ಇದೆಯೇ, 2018ರಲ್ಲಿ ಅಲ್ಲಿ ಏನಾಯಿತು ಎಂದು ಅಕ್ಕಪಕ್ಕದವರನ್ನು ಕೇಳಿ. ಇನ್‌ವರ್ಟರ್, ಎರಡು ಕಂಪನಿಯ ಸಿಮ್ ಇರಲಿ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಬೆಂಕಿಪೊಟ್ಟಣವನ್ನು ತಗಡಿನ ಡಬ್ಬಿಯಲ್ಲಿಡಿ. ನಮಗಿಂತ ಮೊದಲು ಆ ಮನೆಯಲ್ಲಿ ಯಾರಿದ್ದರು ಎಂದೂ ಒಂದು ಮಾತು ಕೇಳಿ.

ಮೊನ್ನೆ ಫೋನ್ ಮಾಡಿದಾಗ, "ದಸರೆಗೆ ಬಾಮ್ಮ. ನಾಲ್ಕು ಕರಗ, ಹತ್ತು ಮಂಟಪ, ರಾತ್ರಿಯೆಲ್ಲ ಊರು ಮಲಗೋದಿಲ್ಲವಂತೆ" ಎಂದಳು ಮಗಳು. ನಾನು ಮೊದಲು ಕೇಳಿದ್ದು ಕರಿಬೇವಿನ ಗಿಡ ಹೇಗಿದೆ ಎಂದು. ಮಳೆಗೆ ಎಲೆ ಸ್ವಲ್ಪ ಉದುರಿತ್ತಂತೆ. ಅಂಗಡಿಯವಳೇ ಬಂದು ಬುಡಕ್ಕೆ ಹೊಸ ಮಣ್ಣು ಕೊಟ್ಟು ಹೋದಳಂತೆ.