ವಾಪಸ್ಸು ಯಾರ ಜೊತೆ?

ಬಸವನಗುಡಿಯ ಒಂದು ಹಳೇ ಮನೆಯ ಮಹಡಿ. ನೀವು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಮೇಜಿನ ತುಂಬ ಕಾಗದದ ಚೂರುಗಳು. ಎಲ್ಲವೂ ಫೋನಿನ ಅಳತೆಗೆ ಕತ್ತರಿಸಿದವು, ಒಂದೊಂದು ಚೂರೂ ಒಂದೊಂದು ಸ್ಕ್ರೀನು. ಫ್ಯಾನ್ ಹಾಕಿದರೆ ಇಡೀ ಆ್ಯಪ್ ಹಾರಿಹೋಗುತ್ತದೆಂದು ಏಪ್ರಿಲ್ ಸೆಕೆಯಲ್ಲೂ ಆರಿಸಿಕೊಂಡು ಕೂತಿದ್ದಾರೆ ಇಬ್ಬರು. ಆಕೆ ಡಿಸೈನರ್, ಆತ ಕೋಡ್ ಬರೆಯುವವನು. ಊರಿನಲ್ಲಿ ಇವತ್ತು ಎಲ್ಲಿ ಸಂಗೀತ ಕಚೇರಿ, ಗೆಳೆಯರಲ್ಲಿ ಯಾರು ಜೊತೆಗೆ ಬರುತ್ತಾರೆ, ಇಷ್ಟನ್ನು ಹೇಳುವ ಆ್ಯಪ್ ಇವರದು.

ಆತ ಒಂದು ಚೂರನ್ನು ನಿಮ್ಮ ಮುಂದೆ ಸರಿಸುತ್ತಾನೆ. ಮೇಲೆ ಗಾಯಕಿಯ ಫೋಟೊಗೆ ಜಾಗ, ಕೆಳಗೆ ತಾರೀಖು, ಸ್ಥಳ, ಬೆಲೆ, ಅಡ್ಡಕ್ಕೆ ದಪ್ಪ ಕಿತ್ತಳೆ ಪಟ್ಟಿಯಲ್ಲಿ ‘ಟಿಕೆಟ್ ಖರೀದಿಸಿ’. ನೋಡಲು ಚೆನ್ನಾಗಿದೆ. ಆದರೆ ಪಿಟೀಲು ಯಾರು? ಮೃದಂಗ ಯಾರು? ನೀವು ಕೇಳುವ ಮೊದಲೇ ಆಕೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾಳೆ. ಮಾಹಿತಿಯ ಕೋಷ್ಟಕದಲ್ಲಿ ಇರುವುದು ಎರಡೇ ಕಂಬಸಾಲು: ‘ಮುಖ್ಯ ಕಲಾವಿದರು’, ‘ಸಪೋರ್ಟ್’. ಎರಡನೆಯದು ರಾಕ್ ಕಾರ್ಯಕ್ರಮಗಳಲ್ಲಿ ದೊಡ್ಡ ಬ್ಯಾಂಡ್ ವೇದಿಕೆಗೆ ಬರುವ ಮುನ್ನ ನುಡಿಸಿ ಹೋಗುವ ಚಿಕ್ಕ ಬ್ಯಾಂಡಿಗಾಗಿ ಮಾಡಿಟ್ಟ ಜಾಗ. ನಮ್ಮ ಮೃದಂಗ ವಿದ್ವಾಂಸರು ಅಲ್ಲಿ ಹೋಗಿ ಕೂತಿದ್ದಾರೆ.

ಈ ಅಚ್ಚು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಲಂಡನ್ನಿನಲ್ಲಿ 2007ರಲ್ಲಿ ಹುಟ್ಟಿದ ಸಾಂಗ್‌ಕಿಕ್‌ನಂಥ ಸೇವೆಗಳು ನೀವು ಮೆಚ್ಚಿದ ಕಲಾವಿದರ ಪಟ್ಟಿ ಇಟ್ಟುಕೊಂಡು, ಅವರು ನಿಮ್ಮ ಊರಿಗೆ ಬಂದಾಗ ಸುದ್ದಿ ಮುಟ್ಟಿಸುತ್ತವೆ. ವರ್ಷಕ್ಕೊಮ್ಮೆ ಬರುವ ಬ್ಯಾಂಡಿಗೆ ಆ ಲೆಕ್ಕ ಸರಿ. ಬೆಂಗಳೂರಿನಲ್ಲಿ ಒಬ್ಬ ಒಳ್ಳೆಯ ಗಾಯಕಿ ರಾಮನವಮಿಯ ಒಂದೇ ಋತುವಿನಲ್ಲಿ ಹಲವು ಬಡಾವಣೆಗಳಲ್ಲಿ ಹಾಡುತ್ತಾರೆ. ಅವರು ಊರಿನಲ್ಲಿದ್ದಾರೆ ಎಂಬುದು ಯಾರಿಗೂ ಸುದ್ದಿಯಲ್ಲ. ಇವತ್ತು ಪಕ್ಕವಾದ್ಯಕ್ಕೆ ಯಾರು, ನಮ್ಮವರು ಯಾರು ಬರುತ್ತಿದ್ದಾರೆ, ಇವೆರಡು ಸುದ್ದಿ.

ಗೋಡೆಯ ಮೇಲೆ ಆಹ್ವಾನಪತ್ರಿಕೆಗಳನ್ನು ಅಂಟಿಸಿದ್ದಾರೆ. ಎಲ್ಲವೂ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಚಿತ್ರಗಳು. ಗಾಯನ, ಪಿಟೀಲು, ಮೃದಂಗ, ಘಟ ಎಂದು ಕ್ರಮವಾಗಿ ಹೆಸರುಗಳಿವೆ. ಯಾವುದನ್ನೂ ಹುಡುಕಲಾಗದು, ಕ್ಯಾಲೆಂಡರಿಗೆ ಸೇರಿಸಲಾಗದು. ಬಹುತೇಕ ಎಲ್ಲದರ ತಳದಲ್ಲೂ ‘ಪ್ರವೇಶ ಉಚಿತ’. ಅಂದರೆ ಆ ಕಿತ್ತಳೆ ಪಟ್ಟಿಗೆ ಕೆಲಸವೇ ಇಲ್ಲ. ಟಿಕೆಟ್ಟಿನ ಕಮಿಷನ್ ಮೇಲೆ ಬದುಕುವ ಆ್ಯಪ್ ಉಚಿತ ಕಚೇರಿಯನ್ನು ಪಟ್ಟಿಯ ತಳಕ್ಕೆ ತಳ್ಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಊರಿನ ಸಂಗೀತದ ದೊಡ್ಡ ಪಾಲು ಹೀಗೆ ತಳದಲ್ಲಿ ಕೂತಿದೆ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಾಗದ ವಿಷಯ.

ಸಂಜೆ ಆಟೊ ಹಿಡಿದು ಮೂವರೂ ಚಾಮರಾಜಪೇಟೆಗೆ ಬರುತ್ತೀರಿ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಚಪ್ಪರ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಶುರುಮಾಡಿದ ಉತ್ಸವ ಇದು; ಒಂದು ತಿಂಗಳ ಮಟ್ಟಿಗೆ ಈ ಮೈದಾನದಲ್ಲಿ ಸಂಜೆಯಾದರೆ ಸಂಗೀತ. ಕಚೇರಿ ಶುರುವಾಗಲು ಇನ್ನೂ ಹೊತ್ತಿದೆ. ಕುರ್ಚಿಗಳ ಸಾಲಿನತ್ತ ಕಣ್ಣು ಹಾಯಿಸಿ: ಒಂದರ ಮೇಲೆ ಬಟ್ಟೆಯ ಚೀಲ, ಪಕ್ಕದ್ದರ ಮೇಲೆ ಕರ್ಚೀಫು, ಅದರಾಚೆಗೆ ಮಡಿಸಿದ ಕೊಡೆ. ಮೂರು ಕುರ್ಚಿಗೆ ಕಾವಲಾಗಿ ಒಬ್ಬರೇ ಹೆಂಗಸು ಕೂತಿದ್ದಾರೆ. ಗೆಳತಿಯರ ಜೊತೆ ಕಚೇರಿಗೆ ಹೋಗುವ ವ್ಯವಸ್ಥೆ ಆ್ಯಪ್ ಇಲ್ಲದೆಯೂ ಇಲ್ಲಿ ಸಲೀಸಾಗಿ ನಡೆಯುತ್ತಿದೆ.

ಡಿಸೈನರ್ ಆ ಹೆಂಗಸಿನ ಪಕ್ಕ ಹೋಗಿ ಕೂರುತ್ತಾಳೆ. ಬ್ಯಾಂಕಿನಿಂದ ನಿವೃತ್ತರಾದವರು, ಪರಿಚಯವಾಗಲು ಒಂದು ನಿಮಿಷ ಸಾಕಾಗುತ್ತದೆ. ಇನ್ನೂ ಮುಗಿಯದ ಆ್ಯಪ್ ಇರುವ ಫೋನನ್ನು ಅವರ ಕೈಗೆ ಕೊಟ್ಟು, “ನೋಡ್ತಾ ನೋಡ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳ್ತಾ ಹೋಗಿ ಆಂಟಿ,” ಎನ್ನುತ್ತಾಳೆ. ಆಮೇಲೆ ಬಾಯಿ ಮುಚ್ಚಿ ಕೂರುವುದೇ ಅವಳ ಕಸುಬು. ಐದು ಜನರ ಮೇಲೆ ಹೀಗೆ ಪರೀಕ್ಷೆ ಮಾಡಿದರೂ ಬಹುಪಾಲು ದೋಷಗಳು ಹೊರಬೀಳುತ್ತವೆಂದು ಬಳಕೆದಾರ ಪರೀಕ್ಷೆಗಳ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದ್ದರು. ಇಲ್ಲಿ ಮೊದಲ ದೋಷ ಹೊರಬೀಳಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ.

“ಸೊನ್ನೆ ಸ್ನೇಹಿತರು ಹೋಗುತ್ತಿದ್ದಾರೆ ಅಂತಿದೆಯಲ್ಲ,” ಆಂಟಿ ಕನ್ನಡಕ ಏರಿಸಿಕೊಳ್ಳುತ್ತಾರೆ. “ಯಾರೂ ಬರ್ತಿಲ್ಲ ಅಂದ್ರೆ ನಾನೊಬ್ಳೇ ಯಾಕ್ ಬರ್ಲಿ?”

ಡಿಸೈನರಿನ ಪುಸ್ತಕದಲ್ಲಿ ಒಂದು ಗೀಟು. ಸೊನ್ನೆಯನ್ನು ತೋರಿಸಬಾರದು.

ಮುಂದಿನ ಸ್ಕ್ರೀನಿನಲ್ಲಿ ‘ಹೋಗುತ್ತಿದ್ದೇನೆ’ ಎಂಬ ಬಟನ್. ಆಂಟಿಯ ಹೆಬ್ಬೆರಳು ಅದರ ಮೇಲೆ ಹೋಗಿ ನಿಲ್ಲುತ್ತದೆ, ಒತ್ತುವುದಿಲ್ಲ.

“ಒತ್ತಿದ್ರೆ ಯಾರ್ಯಾರಿಗೆ ಗೊತ್ತಾಗತ್ತೆ?”

“ನಿಮ್ಮ ಫ್ರೆಂಡ್ಸ್ ಲಿಸ್ಟಲ್ಲಿರೋ ಎಲ್ರಿಗೂ ಆಂಟಿ.”

“ಎಲ್ರಿಗೂ ಯಾಕಮ್ಮಾ? ನಮ್ಮ ನಾದಿನಿಗೂ ಗೊತ್ತಾಗತ್ತೆ. ನನ್ನ ಬಿಟ್ಟು ಹೋದ್ರಿ ಅಂತ ನಾಳೆ ಬೆಳಗ್ಗೇನೇ ಫೋನು!”

ನೀವು ನಗುತ್ತೀರಿ, ಆಂಟಿಯೂ ನಗುತ್ತಾರೆ. ಡಿಸೈನರ್ ನಗುವುದಿಲ್ಲ, ಬರೆದುಕೊಳ್ಳುತ್ತಿದ್ದಾಳೆ. ಫೇಸ್‌ಬುಕ್ಕಿನ ಕಾರ್ಯಕ್ರಮಗಳ ಪುಟಗಳಿಂದ ಬಂದ ರೂಢಿ ಇದು: ಹೋಗುವುದನ್ನು ಊರಿಗೆಲ್ಲ ಸಾರುವುದು. ಕಚೇರಿಗೆ ಕರೆಯುವವರು ಹಾಗೆ ಸಾರುವುದಿಲ್ಲ. ಇಬ್ಬರನ್ನೋ ಮೂವರನ್ನೋ ಆರಿಸಿ, ಉಳಿದವರ ಕಿವಿಗೆ ಬೀಳದಂತೆ ಕರೆಯುತ್ತಾರೆ. ಬರಲಾಗದವರು ಬರಲ್ಲ ಎಂದು ಬಾಯಿಬಿಟ್ಟು ಹೇಳುವುದೂ ಅಪರೂಪ, ಉತ್ತರ ಕೊಡದೆ ಸುಮ್ಮನಾಗುತ್ತಾರೆ. ಹಾಗಾಗಿ ಕೆಂಪು ಗುರುತಿನ ‘ಇಲ್ಲ’ ಬಟನ್ನನ್ನೇ ಆಕೆ ಹೊಡೆದುಹಾಕುತ್ತಾಳೆ. ಒಪ್ಪಿದವರ ಹೆಸರು ಮಾತ್ರ ಕಾಣಲಿ. ಉತ್ತರ ಕೊಡದವರ ಮೇಲೆ ಆ್ಯಪ್ ಬೆರಳು ತೋರಿಸದಿರಲಿ.

ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರ ಗುಂಪು. ಅವರಲ್ಲೊಬ್ಬ ಮೃದಂಗ ಕಲಿಯುತ್ತಿರುವವನು. ಫೋನ್ ಅವನ ಕೈಗೆ ಬಂದಾಗ ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕಚೇರಿ ಎಂದು ಬರೆಯಲು ಹೋಗಿ ಎಡವುತ್ತಾನೆ. ಕೆ ಆದಮೇಲೆ ಎ ಹಾಕಿದರೆ ಏನೂ ಸಿಗುವುದಿಲ್ಲ, ಯು ಹಾಕಿದರೆ ಸಿಗುತ್ತದೆ. ತೋಡಿಯದೂ ಅದೇ ಪಾಡು, ಟಿ ಮುಂದೆ ಎಚ್ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಕೋಡ್ ಬರೆಯುವವನು ತಲೆ ಕೆರೆದುಕೊಳ್ಳುತ್ತಾನೆ. ಹುಡುಗ ಕನ್ನಡ ಕೀಲಿಮಣೆಗೆ ಬದಲಾಯಿಸಿ ಒಂದು ಹೆಸರು ಬರೆಯುತ್ತಾನೆ. ಗಾಯಕಿಯ ಹೆಸರಲ್ಲ, ಮೃದಂಗದವರದು.

“ನಾವು ಬಂದಿರೋದೇ ತನಿ ಕೇಳೋಕೆ ಸರ್.”

ಉತ್ತರ ಬರುತ್ತದೆ, ಆದರೆ ಬಟನ್ನಿನಲ್ಲಿ ‘ವಿದ್ವಾನ್’ ಎಂಬುದರ ವತ್ತು ಅಂಚಿಗೆ ಸಿಕ್ಕಿ ತುಂಡಾಗಿ ‘ವಿದಾನ್’ ಆಗಿಬಿಟ್ಟಿದೆ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟರೆ ಹೀಗೆಯೇ. ಬೆರಳಿಗೆ ಸಿಗುವ ಜಾಗ ಇಷ್ಟಾದರೂ ಇರಬೇಕೆಂದು ಆ್ಯಪಲ್ 44 ಪಾಯಿಂಟ್ ಹೇಳುತ್ತದೆ, ಆಂಡ್ರಾಯ್ಡ್ 48 ಡಿಪಿ. ಅದು ಬೆರಳಿನ ಲೆಕ್ಕ. ಅಕ್ಷರದ ಕೆಳಗೆ ವತ್ತು ಇಳಿಯಲು ಜಾಗ ಬಿಡುವ ಲೆಕ್ಕವನ್ನು ಕನ್ನಡದಲ್ಲಿ ಡಿಸೈನ್ ಮಾಡುವವರೇ ಹಾಕಬೇಕು.

ತಂಬೂರಿ ಶ್ರುತಿ ಹಿಡಿಯುತ್ತದೆ. ಚಪ್ಪರದ ಹಿಂಭಾಗ ಮಬ್ಬಾಗಿದೆ. ಹುಡುಗನ ಕೈಯಲ್ಲಿನ ಬಿಳಿ ಸ್ಕ್ರೀನು ಸುತ್ತಲಿನ ಮುಖಗಳಿಗೆಲ್ಲ ಬೆಳಕು ಚೆಲ್ಲುತ್ತಿದೆ. ಹಿಂದಿನವರೊಬ್ಬರು ಅವನ ಭುಜ ತಟ್ಟುತ್ತಾರೆ. ಇನ್ನೊಂದು ಗೀಟು: ಕಚೇರಿಯ ಹೊತ್ತಿಗೆ ಸ್ಕ್ರೀನ್ ತಾನಾಗಿ ಕಪ್ಪಾಗಬೇಕು, ಸಂದೇಶಗಳು ಸದ್ದಿಲ್ಲದೆ ಕಾಯಬೇಕು. ವರ್ಣ ಶುರುವಾದ ಮೇಲೆ ಡಿಸೈನರೂ ಪುಸ್ತಕ ಮುಚ್ಚುತ್ತಾಳೆ.

ತಾಳವಾದ್ಯಗಳ ತನಿ ಆವರ್ತನಕ್ಕೆ ಅರ್ಧ ಚಪ್ಪರ ಕಾಫಿಗೆಂದು ಎದ್ದು ಹೊರಡುತ್ತದೆ, ಹಿಂದಿನ ಸಾಲಿನ ಹುಡುಗರು ಮಾತ್ರ ಮುಂದಕ್ಕೆ ಬಾಗಿ ತಾಳ ಹಾಕುತ್ತಿದ್ದಾರೆ. ಹೊರಗೆ ಆಂಟಿ ಸಿಗುತ್ತಾರೆ, ಕೈಯಲ್ಲಿ ಲೋಟ, ಜೊತೆಗೆ ಈಗ ಚೀಲದ, ಕೊಡೆಯ ಕುರ್ಚಿಗಳ ಒಡತಿಯರಿಬ್ಬರು. ಅವರೇ ಡಿಸೈನರನ್ನು ಕರೆಯುತ್ತಾರೆ.

“ನಿನ್ನ ಆ್ಯಪಲ್ಲಿ ಎಲ್ಲಾ ಇದೆ ಕಣಮ್ಮಾ. ವಾಪಸ್ಸು ಯಾರ ಜೊತೆ ಅಂತ ಎಲ್ಲಿದೆ?”

“ಅಂದ್ರೆ ಆಂಟಿ?”

“ಬರೋದೇನೋ ಬಂದ್ಬಿಡ್ತೀವಿ, ಬೆಳಕಿರತ್ತೆ. ಮುಗಿಯೋಷ್ಟರಲ್ಲಿ ರಾತ್ರಿ. ಜಯನಗರದ ಕಡೆಗೆ ಒಬ್ರಾದ್ರೂ ಜೊತೆಗಿದ್ರೆ ಮಾತ್ರ ನಾನು ಮನೆಯಿಂದ ಹೊರಡೋದು. ಇಲ್ಲಾಂದ್ರೆ ಯಾರು ಹಾಡಿದ್ರೂ ಅಷ್ಟೆ.”

ಗೆಳತಿಯರು ತಲೆಯಾಡಿಸುತ್ತಾರೆ. ಗೇಟಿನ ಹೊರಗೆ ಆಟೊಗಳು ಆಗಲೇ ಸಾಲುಗಟ್ಟಿವೆ. ಡಿಸೈನರ್ ಅಲ್ಲೇ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ಹೊಸದೊಂದು ಆಯತ ಎಳೆಯುತ್ತಾಳೆ. ಎಲ್ಲಕ್ಕೂ ಮೇಲೆ ಒಪ್ಪಿದ ಗೆಳತಿಯರ ಹೆಸರು. ಅದರ ಕೆಳಗೆ ‘ವಾಪಸ್ಸು: ಜಯನಗರ ಕಡೆ ಇಬ್ಬರು’. ಆಮೇಲೆ ಗಾಯನ, ಪಿಟೀಲು, ಮೃದಂಗ, ಘಟ, ನಾಲ್ಕೂ ಒಂದೇ ಅಳತೆಯ ಅಕ್ಷರದಲ್ಲಿ. ಕೋಡ್ ಬರೆಯುವವನು ಭುಜದ ಮೇಲಿಂದ ಬಗ್ಗಿ ನೋಡುತ್ತಾನೆ.

“ಟಿಕೆಟ್ ಬಟನ್ ಎಲ್ಲಿ ಹಾಕ್ಲಿ?”

“ಟಿಕೆಟ್ ಇದ್ರೆ ಕೆಳಗೆ ಹಾಕು.”

“ಫೋಟೊ?”

ಆಕೆ ಪೆನ್ನಿನ ತುದಿಯಿಂದ ಮೂಲೆಯಲ್ಲೊಂದು ಚಿಕ್ಕ ಚೌಕ ತೋರಿಸಿ, ಕಾಫಿಯ ಸಾಲಿಗೆ ಹೋಗಿ ನಿಲ್ಲುತ್ತಾಳೆ.